ಅಯೋವಾ ಕಾಕಸ್: ‘ಯಾರು ಗೆಲ್ಲಬಲ್ಲರು’ ಅಂತ ಅಕ್ಕಪಕ್ಕದವರ ಜೊತೆ ವಾದ ಮಾಡಿದ ಒಂದು ಸಂಜೆ

ಐದಕ್ಕೆ ಮೂರು ಸ್ಟಾರ್. ಎರಡನೇ ಸುತ್ತಿನ ಆ ಅರ್ಧ ಗಂಟೆಗೆ ಮಾತ್ರ ಕೊಡಿ ಅಂದರೆ ಐದಕ್ಕೆ ಐದು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಾನು ಅಮೆರಿಕದ ಅಯೋವಾ ರಾಜ್ಯದಲ್ಲಿ ಇರುವವಳು. ಅಮೆರಿಕದ ಪೌರತ್ವ ಸಿಕ್ಕ ಮೇಲೆ ನಾನು ಮಾಡಿದ ಮೊದಲ ಚುನಾವಣೆ ಕೆಲಸ ಅಂದರೆ 2020ರ ಫೆಬ್ರವರಿ 3ರಂದು ಡೆಮಾಕ್ರಟಿಕ್ ಪಕ್ಷದ ಕಾಕಸ್‌ಗೆ ಹೋಗಿದ್ದು. 2024ರಲ್ಲಿ ಹಾಗೆ ಗುಂಪಾಗಿ ನಿಲ್ಲುವ ಬದಲು ಅದೇ ಪಕ್ಷ ಅಂಚೆಯಲ್ಲಿ ಕಳಿಸಿದ ಕಾರ್ಡನ್ನೂ ತುಂಬಿ ಕಳಿಸಿದ್ದೇನೆ. ಓಟು ಹಾಕಿಸುವುದೂ ಒಂದು ಸೇವೆಯೇ ಅಂತ ನನ್ನ ಲೆಕ್ಕ. ಹಾಗಾಗಿ ಎರಡನ್ನೂ ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಇದು ನಡೆಯುತ್ತಿದ್ದ ರೀತಿ. ನವೆಂಬರ್ ಚುನಾವಣೆಗೆ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಯಾರಾಗಬೇಕು ಅಂತ ಒಂದೊಂದು ರಾಜ್ಯದಲ್ಲೂ ಪಕ್ಷದ ಬೆಂಬಲಿಗರೇ ಮೊದಲು ಹೇಳುತ್ತಾರೆ. ಪ್ರೈಮರಿ ಇರುವ ರಾಜ್ಯಗಳಲ್ಲಿ ಮತಗಟ್ಟೆಗೆ ಹೋಗಿ ಓಟು ಹಾಕಿ ಬರುತ್ತಾರೆ, ಅಷ್ಟೇ. ಕಾಕಸ್‌ನಲ್ಲಿ 2020ರ ತನಕ ನಮ್ಮ ಪಕ್ಷದವರು ಸಂಜೆ 7 ಗಂಟೆಗೆ ತಮ್ಮ ಬಡಾವಣೆಯ ಶಾಲೆಗೋ ಚರ್ಚಿಗೋ ಹೋಗಬೇಕಿತ್ತು. ತಮಗೆ ಇಷ್ಟದ ಅಭ್ಯರ್ಥಿಯ ಗುಂಪಿನಲ್ಲಿ, ಎಲ್ಲರ ಕಣ್ಣೆದುರಿಗೇ ನಿಲ್ಲಬೇಕಿತ್ತು. ತಲೆ ಎಣಿಸುತ್ತಿದ್ದರು. ಹೆಚ್ಚಿನ ಕಡೆ ಒಟ್ಟು ಜನರಲ್ಲಿ ಶೇ. 15ರಷ್ಟು ಜನ ಒಂದು ಗುಂಪಿನಲ್ಲಿ ಇಲ್ಲದಿದ್ದರೆ ಆ ಗುಂಪು ಲೆಕ್ಕಕ್ಕೆ ಬರುತ್ತಿರಲಿಲ್ಲ. ಆಗ ಅಲ್ಲಿರುವವರು ಬೇರೆ ಗುಂಪಿಗೆ ಹೋಗಬೇಕಿತ್ತು, ಇಲ್ಲವೇ ಬೇರೆಯವರನ್ನು ಒಪ್ಪಿಸಿ ತಮ್ಮ ಕಡೆಗೆ ಕರೆದುಕೊಂಡು ಬರಬೇಕಿತ್ತು. 2020ರಲ್ಲಿ ಇನ್ನೊಂದು ಹೊಸ ನಿಯಮ ಇತ್ತು, ಶೇ. 15 ದಾಟಿದ ಗುಂಪಿನವರು ಆಮೇಲೆ ಕದಲುವ ಹಾಗಿರಲಿಲ್ಲ. ಎರಡನೇ ಸುತ್ತಿನಲ್ಲಿ ಓಡಾಡುವುದು ಸೋತ ಗುಂಪಿನವರು ಮಾತ್ರ. ಅಲ್ಲೇ ಇದೆ ಅಸಲಿ ವಿಷಯ.

ಅವತ್ತು ನಮ್ಮ ಹಾಲ್‌ನಲ್ಲಿ ಇನ್ನೂರು ಚಿಲ್ಲರೆ ಜನ. ಹೈಸ್ಕೂಲ್ ಮಕ್ಕಳೂ ಇದ್ದರು, ಯಾಕಂದ್ರೆ ನವೆಂಬರ್ ಹೊತ್ತಿಗೆ 18 ತುಂಬುವವರು 17ಕ್ಕೇ ಕಾಕಸ್‌ಗೆ ಬರಬಹುದಿತ್ತು. ನಾನು ನಿಂತಿದ್ದು ಎಲಿಜಬೆತ್ ವಾರನ್ ಗುಂಪಿನಲ್ಲಿ. ಗುಂಪು ಉಳಿಯಲು 32 ಜನ ಬೇಕಿತ್ತು. ನಾವು ಇದ್ದದ್ದು 29. ನಮ್ಮ ಪಕ್ಕದಲ್ಲೇ ಜೋ ಬೈಡನ್ ಗುಂಪು, ಅವರಿಗೂ ಎಂಟು ಜನ ಕಡಿಮೆ. ‘ಟ್ರಂಪ್‌ನ ಸೋಲಿಸಬಲ್ಲವರು ಇವರೊಬ್ಬರೇ’ ಅಂತ ತಿಂಗಳುಗಟ್ಟಲೆ ಕೇಳಿದ್ದ ಅಭ್ಯರ್ಥಿಗೆ ನಮ್ಮ ಶಾಲೆಯ ಹಾಲ್ ಗೆಲ್ಲಲು ಆಗಿರಲಿಲ್ಲ.

ಅಲ್ಲಿಂದ ಮಾತು ಶುರುವಾಯಿತು. ಬೈಡನ್ ಗುಂಪಿನಿಂದ ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಬಂದರು. ನಾಯಿ ಕರೆದುಕೊಂಡು ವಾಕಿಂಗ್ ಹೋಗುವಾಗ ನನಗೆ ಕೈಬೀಸುವವರು, ಅದಕ್ಕಿಂತ ಜಾಸ್ತಿ ಪರಿಚಯ ಇರಲಿಲ್ಲ. ಅವರು ಹೇಳಿದ್ದು ಇಷ್ಟು: “ನನಗೆ ವಾರನ್ ಇಷ್ಟ. ಹೆಂಗಸು ಅಧ್ಯಕ್ಷೆ ಆದರೆ ನನಗೆ ಖುಷಿನೇ. ಆದ್ರೆ ಮಿಷಿಗನ್ ಒಪ್ಪಲ್ಲ.” ನಾನು ಕೇಳಿದೆ, ಮಿಷಿಗನ್ ಒಪ್ಪಲ್ಲ ಅಂತ ನಿಮಗೆ ಹೇಗೆ ಗೊತ್ತು? “ನನ್ನ ತಂಗಿ ಅಲ್ಲಿದ್ದಾಳೆ” ಅಂದರು. ಅವರನ್ನು ಕೇಳಿದ್ದೀರಾ ಅಂದೆ. ಅವರು ಸುಮ್ಮನಾದರು. ಕೇಳಿರಲಿಲ್ಲ.

ಅವರ ಭಯಕ್ಕೆ ಕಾರಣ ಇಲ್ಲ ಅಂತ ನಾನು ಹೇಳುವುದಿಲ್ಲ. 2016ರಲ್ಲಿ ಮಿಷಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾ ಮೂರೂ ಸೇರಿ ಸುಮಾರು 78,000 ಓಟಿನಲ್ಲಿ ಹಿಲರಿ ಕ್ಲಿಂಟನ್ ಕೈತಪ್ಪಿದ್ದವು. ಇಲ್ಲಿ ಅಧ್ಯಕ್ಷರನ್ನು ಆರಿಸುವುದು ರಾಜ್ಯವಾರು ಲೆಕ್ಕದಲ್ಲಿ, ಹಾಗಾಗಿ ದೇಶದ ಒಟ್ಟು ಓಟು ಅವರಿಗೇ ಜಾಸ್ತಿ ಬಂದಿದ್ದರೂ ಅಧ್ಯಕ್ಷರಾಗಲಿಲ್ಲ. ಆ ಗಾಯ ಎಲ್ಲರಿಗೂ ಇತ್ತು. ಅವತ್ತು ಕಾಕಸ್‌ಗೆ ಬಂದವರ ಸಮೀಕ್ಷೆಯಲ್ಲೂ ಹತ್ತರಲ್ಲಿ ಸುಮಾರು ಆರು ಮಂದಿ ‘ನನ್ನ ವಿಚಾರಕ್ಕೆ ಹೊಂದುವವರಿಗಿಂತ ಟ್ರಂಪ್‌ನ ಸೋಲಿಸುವವರು ಬೇಕು’ ಅಂದಿದ್ದರು. ಆದರೆ ಆ ಹಾಲ್‌ನಲ್ಲಿ ಕಿವಿಗೊಟ್ಟು ಕೇಳಿದರೆ ಒಂದು ವಿಷಯ ಎದ್ದು ಕಾಣುತ್ತಿತ್ತು, ‘ನಾನು ರೆಡಿ, ಬೇರೆಯವರು ರೆಡಿ ಇಲ್ಲ’ ಅಂತ ಪ್ರತಿಯೊಬ್ಬರೂ ಹೇಳುತ್ತಿದ್ದರು, ಆ ಬೇರೆಯವರು ಮಾತ್ರ ಯಾರ ಗುಂಪಿನಲ್ಲೂ ಇರಲಿಲ್ಲ. ಬರ್ನಿ ಸ್ಯಾಂಡರ್ಸ್ ಕಡೆಯ ಹುಡುಗರ ವಾದ ಬೇರೆ ಥರ: ಇದುವರೆಗೆ ಓಟೇ ಹಾಕದವರನ್ನು ಕರೆತರುವವರೇ ಗೆಲ್ಲುವವರು. ಪೀಟ್ ಬುಟಿಜೆಜ್ ಕಡೆಯವರು ಒಬಾಮಾ ಹೆಸರು ತೆಗೆದರು. ಅದರಲ್ಲಿ ಸತ್ಯ ಇದೆ. 2008ರ ಜನವರಿ 3ರಂದು ಒಬಾಮಾ ಅಯೋವಾ ಗೆಲ್ಲುವ ತನಕ, ಬಿಳಿಯರೇ ಹೆಚ್ಚಿರುವ ರಾಜ್ಯದಲ್ಲಿ ಅವರು ಗೆಲ್ಲುತ್ತಾರೆ ಅಂತ ಕರಿಯ ಮತದಾರರಲ್ಲೇ ಎಷ್ಟೋ ಜನ ನಂಬಿರಲಿಲ್ಲ. ಅದೇ ತಿಂಗಳ 26ಕ್ಕೆ, ಪಕ್ಷದಲ್ಲಿ ಕರಿಯ ಮತದಾರರು ಹೆಚ್ಚಿರುವ ಸೌತ್ ಕೆರೊಲಿನಾವನ್ನು ಅವರು ದೊಡ್ಡ ಅಂತರದಲ್ಲಿ ಗೆದ್ದರು. ಅಂದರೆ ಗೆಲ್ಲಬಲ್ಲರು ಅನ್ನುವ ನಂಬಿಕೆ ಹುಟ್ಟಿದ್ದೇ ಒಂದು ಗೆಲುವಿನಿಂದ.

ಇದರ ಇನ್ನೊಂದು ಮುಖವನ್ನು ಹೇಳಿದ್ದು ನಮ್ಮ ಗುಂಪಿನಲ್ಲೇ ಇದ್ದ ಒಬ್ಬ ಹಿರಿಯ ಹೆಂಗಸು. 2004ರಲ್ಲಿ ಅವರು ಹೊವರ್ಡ್ ಡೀನ್ ಇಷ್ಟಪಟ್ಟು ಕೊನೆಗೆ ಜಾನ್ ಕೆರಿ ಗುಂಪಿನಲ್ಲಿ ನಿಂತವರು. ಯುದ್ಧದಲ್ಲಿ ಸೇವೆ ಮಾಡಿದವರು, ಬುಷ್ ಎದುರು ಗೆಲ್ಲುತ್ತಾರೆ ಅಂತ. ಕೆರಿ ಅಯೋವಾ ಗೆದ್ದರು, ಟಿಕೆಟ್ ಗೆದ್ದರು, ನವೆಂಬರ್‌ನಲ್ಲಿ ಓಹಾಯೋ ಕೈತಪ್ಪಿ ಸೋತರು. “ಮನಸ್ಸಿಗೆ ಬಂದವರನ್ನೂ ಬಿಟ್ಟೆ, ಗೆಲುವೂ ಸಿಗಲಿಲ್ಲ. ಇನ್ನೊಂದು ಸಲ ಹಾಗೆ ಮಾಡಲ್ಲ” ಅಂದರು. ಆ ಮಾತಿಗೆ ಆಂಡ್ರ್ಯೂ ಯಾಂಗ್ ಅನ್ನುವ ಇನ್ನೊಬ್ಬ ಅಭ್ಯರ್ಥಿಯ ಗುಂಪಿನಿಂದ ನಾಲ್ಕು ಜನ, ಬೈಡನ್ ಗುಂಪಿನಿಂದ ಐದು ಜನ ನಮ್ಮ ಕಡೆ ಬಂದರು. ನಾವು ಉಳಿದೆವು. ನನಗೆ ಕಣ್ಣಲ್ಲಿ ನೀರು ಬಂತು, ನಿಜ ಹೇಳಬೇಕೆಂದರೆ.

ಮೇಷ್ಟ್ರು ಬರಲಿಲ್ಲ. ಅವರು ಹೋಗಿ ನಿಂತಿದ್ದು ಏಮಿ ಕ್ಲೋಬುಚಾರ್ ಗುಂಪಿನಲ್ಲಿ. ಅವರೂ ಹೆಂಗಸೇ ಅಲ್ವಾ ಅಂತ ಕೇಳಿದರೆ, “ಪಕ್ಕದ ಮಿನೆಸೋಟಾದವರು, ನಮ್ಮ ಥರ ಮಾತಾಡ್ತಾರೆ, ಎಲ್ಲರಿಗೂ ಹಿಡಿಸ್ತಾರೆ” ಅಂದರು. ನನಗೆ ಅವರ ಮೇಲೆ ಕೋಪ ಬರಲಿಲ್ಲ. ‘ಗೆಲ್ಲಬಲ್ಲರು’ ಅಂತ ಜನ ಹೇಳುವುದರ ಹಿಂದೆ ಎಷ್ಟೋ ಸಲ ‘ನಮ್ಮವರ ಥರ ಕಾಣುತ್ತಾರೆ’ ಅನ್ನುವುದು ಇರುತ್ತದೆ ಅಂತ ಆ ಕ್ಷಣ ಅರ್ಥವಾಯಿತು. ಫೋನ್‌ನಲ್ಲಿ ಸಮೀಕ್ಷೆ ನೋಡುತ್ತಾ ಕೂತಿದ್ದರೆ ಇದು ನನಗೆ ಯಾವತ್ತೂ ತಿಳಿಯುತ್ತಿರಲಿಲ್ಲ. ಚುನಾವಣೆಗೆ ತಿಂಗಳುಗಳಿರುವಾಗ ‘ಇವರು ಅವರನ್ನು ನಾಲ್ಕು ಅಂಕದಲ್ಲಿ ಸೋಲಿಸುತ್ತಾರೆ’ ಅನ್ನುವ ಸಮೀಕ್ಷೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗೆ. 1988ರ ಬೇಸಿಗೆಯಲ್ಲಿ ಡೆಮಾಕ್ರಟಿಕ್ ಪಕ್ಷದ ಮೈಕಲ್ ಡುಕಾಕಿಸ್ ಒಂದು ಸಮೀಕ್ಷೆಯಲ್ಲಿ 17 ಅಂಕ ಮುಂದಿದ್ದರು. ನವೆಂಬರ್‌ನಲ್ಲಿ 40 ರಾಜ್ಯ ಸೋತರು.

ಈಗ ಎರಡು ಸ್ಟಾರ್ ಯಾಕೆ ಕಡಿಮೆ ಮಾಡಿದೆ ಅಂತ. ಮೊದಲನೆಯದು ನಮ್ಮನೆಯವರಿಗೆ ಆದ ಅನ್ಯಾಯ. ಅವರಿಗೆ ಅವತ್ತು ರಾತ್ರಿ ಪಾಳಿ. ಬೇರೆಯವರ ಕೈಯಲ್ಲಿ ಓಟು ಕಳಿಸುವ ಹಾಗಿಲ್ಲ. ಅಂದಮೇಲೆ ಅವರಿಗೆ ಓಟೇ ಇಲ್ಲ. ಪುಟ್ಟ ಮಕ್ಕಳಿರುವವರು, ಹುಷಾರಿಲ್ಲದವರು, ಎರಡು ಗಂಟೆ ನಿಲ್ಲಲಾಗದವರು, ಎಲ್ಲರದ್ದೂ ಇದೇ ಕಥೆ. ಬೇರೆ ಹೊತ್ತಿನಲ್ಲಿ, ಬೇರೆ ಜಾಗದಲ್ಲಿ ಸೇರಲು ಕೆಲವು ಉಪಕೇಂದ್ರಗಳನ್ನು ಆ ವರ್ಷ ಮಾಡಿದ್ದರು, ಸಾಲಲಿಲ್ಲ. ಆ ವರ್ಷ ಇಡೀ ರಾಜ್ಯದಲ್ಲಿ ಬಂದವರು ಸುಮಾರು 1,76,000. 2008ರಲ್ಲಿ ಬಂದಿದ್ದ ಸುಮಾರು 2,40,000ಕ್ಕಿಂತ ಅದು ತೀರಾ ಕಡಿಮೆ. ಗುಟ್ಟು ಇಲ್ಲದಿರುವುದೂ ಒಂದು ಕಷ್ಟ. ನಿಮ್ಮ ಬಾಸ್ ಎದುರಿನ ಗುಂಪಿನಲ್ಲಿ ನಿಂತಿದ್ದರೆ?

ಎರಡನೆಯದು ಫಲಿತಾಂಶ. ಇದು ಎಲ್ಲರಿಗೂ ಗೊತ್ತಿರುವುದೇ, ಉದ್ದ ಮಾಡಲ್ಲ. ಲೆಕ್ಕ ಕಳಿಸುವ ಆ್ಯಪ್ ಕೈಕೊಟ್ಟಿತು, ಫೋನ್ ಲೈನ್ ತುಂಬಿಹೋಯಿತು, ದಿನಗಟ್ಟಲೆ ಯಾರು ಗೆದ್ದರು ಅಂತಲೇ ತಿಳಿಯಲಿಲ್ಲ. ಕೊನೆಗೆ, ಮುಂದೆ ಪಕ್ಷದ ಸಮಾವೇಶಕ್ಕೆ ಹೋಗುವ ಪ್ರತಿನಿಧಿಗಳ ಲೆಕ್ಕದಲ್ಲಿ ಬುಟಿಜೆಜ್ ಕೂದಲೆಳೆ ಮುಂದೆ, ತಲೆ ಎಣಿಕೆಯಲ್ಲಿ ಸ್ಯಾಂಡರ್ಸ್ ಮುಂದೆ. ಯಾರ ಕಡೆ ನಿಂತೆವು ಅಂತ ನಾವು ಸಹಿ ಹಾಕಿ ಕೊಟ್ಟ ಕಾರ್ಡ್‌ಗಳು ಪಕ್ಷದ ಕೈಯಲ್ಲಿದ್ದವು, ಅಷ್ಟು ಪುಣ್ಯ. ಬೈಡನ್ ನಾಲ್ಕನೆಯವರು. ಆಮೇಲೆ ಫೆಬ್ರವರಿ 29ರಂದು ಸೌತ್ ಕೆರೊಲಿನಾ ಗೆದ್ದರು, ಎದುರಾಳಿಗಳು ಒಬ್ಬೊಬ್ಬರೇ ಹಿಂದೆ ಸರಿದರು, ಒಂದೇ ದಿನ ಹಲವು ರಾಜ್ಯಗಳು ಓಟು ಹಾಕುವ ಮಾರ್ಚ್ 3ರ ಸೂಪರ್ ಟ್ಯೂಸ್‌ಡೇಯಲ್ಲಿ 14 ರಾಜ್ಯಗಳ ಪೈಕಿ 10 ಅವರ ಪಾಲಾದವು, ನವೆಂಬರ್‌ನಲ್ಲಿ ಮಿಷಿಗನ್ ಸೇರಿ 2016ರಲ್ಲಿ ಕೈತಪ್ಪಿದ್ದ ಆ ಮೂರೂ ರಾಜ್ಯ ಗೆದ್ದು ಅಧ್ಯಕ್ಷರಾದರು. ಹಾಗಾಗಿ ಮೇಷ್ಟ್ರ ಗುಂಪು ಹೇಳಿದ್ದು ತಪ್ಪಾಗಿತ್ತು ಅಂತ ನಾನು ಹೇಳಲಾರೆ. ವಾರನ್ ನಿಂತಿದ್ದರೆ ಏನಾಗುತ್ತಿತ್ತು ಅಂತ ಅವರೂ ಹೇಳಲಾರರು.

2024ರ ಅಂಚೆ ಕಾರ್ಡ್ ಬಗ್ಗೆ: ಕೇಳಿ ತರಿಸಿಕೊಂಡೆ, ಅಡುಗೆಮನೆ ಮೇಜಿನ ಮೇಲೆ ಗುರುತು ಹಾಕಿ ಕಳಿಸಿದೆ. ನಮ್ಮನೆಯವರೂ ಹಾಕಿದರು. ಅನುಕೂಲಕ್ಕೆ ಐದಕ್ಕೆ ಐದು. ಆದರೆ ಯಾರೂ ನನ್ನನ್ನು ಏನೂ ಕೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಆ ವರ್ಷ ಬೈಡನ್‌ಗೆ ಗಟ್ಟಿ ಪೈಪೋಟಿ ಇರಲಿಲ್ಲ, ಆದ್ದರಿಂದ ಪೂರ್ತಿ ದೂರುವುದು ಸರಿಯಲ್ಲ. ಎದುರು ಪಕ್ಷದ ರಿಪಬ್ಲಿಕನ್ನರೋ, ಜನವರಿ 15ರ ಆ ಕೊರೆಯುವ ಚಳಿಯಲ್ಲಿ ಜನರನ್ನು ಸೇರಿಸಿಯೇ ಕಾಕಸ್ ಮಾಡಿದರು. ಅವರದು ಚೀಟಿಯಲ್ಲಿ ಬರೆದು ಹಾಕುವ ಗುಟ್ಟಿನ ಓಟು. ಬೈಡನ್‌ನ ನಾನೇ ಸುಲಭವಾಗಿ ಸೋಲಿಸಬಲ್ಲೆ ಅಂತ, ಪಕ್ಷದೊಳಗೆ ಟ್ರಂಪ್ ಎದುರು ನಿಂತಿದ್ದ ನಿಕಿ ಹೇಲಿ ಸಮೀಕ್ಷೆ ಹಿಡಿದು ಹೇಳುತ್ತಿದ್ದರು. ಆದರೂ ಶೇ. 51 ಟ್ರಂಪ್‌ಗೆ ಹೋಯಿತು, ಹೇಲಿ ಮೂರನೆಯವರು. ನವೆಂಬರ್‌ನಲ್ಲಿ ಟ್ರಂಪ್ ಗೆದ್ದೂ ಬಿಟ್ಟರು.

ನನ್ನ ಸಲಹೆ ಏನೆಂದರೆ, ಚೀಟಿ ಗುಟ್ಟಾಗಿರಲಿ, ಬರಲಾಗದವರಿಗೆ ಅಂಚೆ ಇರಲಿ, ಆದರೆ ಆ ಅರ್ಧ ಗಂಟೆಯನ್ನು ದಯವಿಟ್ಟು ಮತ್ತೆ ತನ್ನಿ. ಕಾಕಸ್‌ಗೆ ಹೋಗುವ ಅವಕಾಶ ಸಿಕ್ಕರೆ ಆರೂವರೆಗೇ ಹೋಗಿ. ಒಳಗೆ ಸೆಖೆ, ಸ್ವೆಟರ್ ತೆಗೆಯುವ ಹಾಗೆ ಹಾಕಿಕೊಳ್ಳಿ. ‘ಇವರಿಗೆ ಗೆಲ್ಲೋಕಾಗಲ್ಲ’ ಅಂತ ಯಾರಾದರೂ ಅಂದರೆ, ಯಾರನ್ನು ಕೇಳಿ ಹೇಳ್ತಿದ್ದೀರಿ ಅಂತ ಮೆತ್ತಗೆ ವಿಚಾರಿಸಿ.

ಮೇಷ್ಟ್ರು ಈಗ ಬರೀ ಕೈಬೀಸುವುದಿಲ್ಲ, ನಿಂತು ಮಾತಾಡುತ್ತಾರೆ. 2020ರ ಆ ಮಾರ್ಚ್ ತಿಂಗಳಲ್ಲೇ ಒಂದು ದಿನ ಬೇಲಿ ಪಕ್ಕ ನಿಂತು, ತಂಗಿಗೆ ಫೋನ್ ಮಾಡಿದ್ದೆ ಅಂದರು. ಮಿಷಿಗನ್ ಪ್ರೈಮರಿ ಇದ್ದದ್ದು 10ನೇ ತಾರೀಖು. ವಾರನ್ 5ಕ್ಕೇ ಕಣದಿಂದ ಹಿಂದೆ ಸರಿದಿದ್ದರು. ತಂಗಿ ವಾರನ್‌ಗೇ ಹಾಕಬೇಕು ಅಂತ ಇದ್ದರಂತೆ.