ಮುಂಬೈ-ಗೋವಾ ಹಡಗಿನಲ್ಲಿ ಕತ್ತಿ ಕ್ಷೌರ: ಅಲೆ ಸುಮ್ಮನಿತ್ತು, ಬಚ್ಚಲು ಕಾಡಿತು

ಮೊದಲೇ ಹೇಳಿಬಿಡುತ್ತೇನೆ, ಗಂಟಲು ಇದ್ದಲ್ಲೇ ಇದೆ. ಎಡ ದವಡೆಯ ಕೆಳಗೆ ಒಂದು ಗೀರು ಬಿಟ್ಟರೆ ಮುಖವೂ ಸರಿಯಾಗಿದೆ. ಆ ಗೀರು ಹೇಗಾಯಿತು ಅನ್ನೋದನ್ನು ಮಾತ್ರ ವಿವರವಾಗಿ ಹೇಳಬೇಕು. ನಾನು ಹೆದರಿದ್ದು ಒಂದಕ್ಕೆ, ಕೈಕೊಟ್ಟಿದ್ದು ಇನ್ನೊಂದು.

ಮುಂಬೈ ಮಾಟುಂಗದ ನಮ್ಮ ಮನೆಯಲ್ಲಿ ಏಳು ವರ್ಷದಿಂದ ನಾನು ಕತ್ತಿಯಲ್ಲೇ ಗಡ್ಡ ಹೆರೆದುಕೊಳ್ಳುತ್ತೇನೆ. ಮಡಚುವ ಕತ್ತಿ, ಇಲ್ಲಿ ಮರಾಠಿಯವರು ವಸ್ತರಾ ಅಂತಾರೆ, ಹಿಂದಿಯವರು ಉಸ್ತರಾ. ಬ್ಯಾಂಕಿನಿಂದ ರಿಟೈರ್ ಆದ ಮೇಲೆ ಹತ್ತಿದ ಚಟ. "ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದನಂತೆ, ಹಾಗಾಯ್ತು ನಿಮ್ಮ ಕಥೆ" ಅಂತ ನಮ್ಮ ಮನೆಯವಳು ಆಗಲೇ ಹೇಳಿದ್ದಳು. ಹೋದ ಡಿಸೆಂಬರಿನಲ್ಲಿ ಮಗಳು ನಮ್ಮಿಬ್ಬರಿಗೆ ಮೂರು ರಾತ್ರಿಯ ಗೋವಾ ಕ್ರೂಸ್ ಬುಕ್ ಮಾಡಿಕೊಟ್ಟಳು. ನಾನು ಮೊದಲು ಕೇಳಿದ್ದು ಊಟದ ವಿಷಯವಲ್ಲ, ಕತ್ತಿ ತಗೊಂಡು ಹೋಗಬಹುದಾ ಅಂತ.

ಹಡಗಿನ ಹೆಸರು ಬರೆಯುವುದಿಲ್ಲ. ಬೈಯೋ ಅಷ್ಟು ಕೋಪ ನನಗಿಲ್ಲ.

ಕತ್ತಿಯ ಬಗ್ಗೆ ಎರಡು ಮಾತು. ನನ್ನದು ಜರ್ಮನಿಯ ಸೋಲಿಂಗನ್ ಊರಲ್ಲಿ ಆಗಿದ್ದು. ಆ ಊರಿನ ಹೆಸರನ್ನು ಸಿಕ್ಕಸಿಕ್ಕವರು ಚಾಕು ಕತ್ತರಿಗಳ ಮೇಲೆ ಹಾಕಿಕೊಳ್ಳಬಾರದು ಅಂತ 1938ರಿಂದಲೇ ಅಲ್ಲಿ ಕಾನೂನಿದೆ. ಅಲಗಿನ ಅಗಲವನ್ನು ಇಂಚಿನ ಎಂಟನೇ ಭಾಗದ ಲೆಕ್ಕದಲ್ಲಿ ಹೇಳುತ್ತಾರೆ. ನನ್ನದು 5/8, ಅಂದರೆ ಸುಮಾರು 16 ಮಿಲಿಮೀಟರ್. ಎರಡೂ ಕಡೆಯಿಂದ ಒಳಕ್ಕೆ ಕೊರೆದು ಕಾಗದದಷ್ಟು ತೆಳ್ಳಗೆ ಮಾಡಿರುವುದರಿಂದ ಗಡ್ಡದ ಮೇಲೆ ಓಡುವಾಗ ಸಣ್ಣಗೆ ಝಿಂಯ್ ಅನ್ನುತ್ತದೆ, ಆ ಸದ್ದಿಗೇ ನಾನು ಮರುಳಾಗಿದ್ದು. ಕಾರ್ಬನ್ ಸ್ಟೀಲ್, ಸ್ಟೇನ್‌ಲೆಸ್ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸಲೂನಿನಲ್ಲಿ ಈಗ ಕಾಣುವ ಕತ್ತಿ ಇದಲ್ಲ. ಅದು ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ. ಸೆವೆನ್ ಓ ಕ್ಲಾಕೋ ಟೋಪಾಜೋ ಯಾವುದೋ ಬ್ಲೇಡನ್ನು ಕಾಗದದೊಳಗೇ ಇಟ್ಟು ಉದ್ದಕ್ಕೆ ಮುರಿಯುವುದು, ಒಂದು ಗಿರಾಕಿಗೆ ಒಂದು ಅರ್ಧ. ಒಬ್ಬರ ರಕ್ತ ಇನ್ನೊಬ್ಬರಿಗೆ ತಾಗಬಾರದಲ್ವಾ, ಅಂಗಡಿಗೆ ಅದೇ ಸರಿ. ಆದರೆ ಅದು ಹಗುರ, ಚೂರು ಕೋನ ತಪ್ಪಿದರೂ ಕ್ಷಮಿಸುವುದಿಲ್ಲ. ನೋಡೋಕೆ ಭಯಂಕರವಾಗಿರುವ ನಿಜವಾದ ಕತ್ತಿಯೇ ಮುಖದ ಮೇಲೆ ಜಾಸ್ತಿ ಮೆದು.

ಬಲ್ಲಾರ್ಡ್ ಪಿಯರ್‌ನಲ್ಲಿ ಹಡಗು ಹತ್ತುವ ಮುಂಚೆ ವಿಮಾನ ನಿಲ್ದಾಣದ ಹಾಗೆಯೇ ಎಕ್ಸ್‌ರೇ ಇದೆ. ನಾನು ತಿಂಗಳ ಮುಂಚೆ ಮೇಲ್ ಹಾಕಿ ಕೇಳಿದ್ದೆ. ಸ್ವಂತ ಕ್ಷೌರದ ಸಾಮಾನು ಪರವಾಗಿಲ್ಲ ಅಂತ ಉತ್ತರ ಬಂದಿತ್ತು. ಯಂತ್ರದ ಮುಂದೆ ಕೂತವನಿಗೆ ಆ ಮೇಲ್ ಗೊತ್ತಿರಬೇಕಲ್ಲ! "ಯೇ ಕ್ಯಾ ಹೈ ಅಂಕಲ್?" ಅಂದ. ಬಿಚ್ಚಿ ತೋರಿಸಿದೆ, ಅದು ತಪ್ಪಾಯಿತು, ಹಿಂದಿನ ಸಾಲಿನ ಹೆಂಗಸು ಮಗುವನ್ನು ಎಳೆದುಕೊಂಡು ಎರಡು ಹೆಜ್ಜೆ ಹಿಂದೆ ಹೋದರು. ಅವನು ಇನ್ನೊಬ್ಬನನ್ನು ಕರೆದ, ಅವನು ಮೇಲಿನವರನ್ನು ಕರೆದ. ಅವರು ಮೇಲ್ ಓದಿ, ನನ್ನ ಗಲ್ಲ ನೋಡಿ, ನಕ್ಕು ಬಿಟ್ಟರು. ಇಪ್ಪತ್ತು ನಿಮಿಷ ಹೋಯಿತು. ನಮ್ಮ ಮನೆಯವಳು ಅಷ್ಟು ಹೊತ್ತೂ ನನ್ನ ಪರಿಚಯವೇ ಇಲ್ಲದವಳ ಹಾಗೆ ಗೋಡೆ ನೋಡುತ್ತಾ ನಿಂತಿದ್ದಳು. ಒಂದೊಂದು ಹಡಗಿನ ನಿಯಮ ಒಂದೊಂದು ಥರ, ಅದಕ್ಕೇ ಬರೆದು ಕೇಳಿ, ಉತ್ತರವನ್ನು ಕಾಗದದಲ್ಲಿ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ವಿಮಾನದಲ್ಲಾದರೆ ಮಾತೇ ಬೇಡ, ಕೈಚೀಲದಲ್ಲಿ ಬಿಡುವುದಿಲ್ಲ, ಲಗೇಜಿಗೆ ಹಾಕಬೇಕು.

ನಮ್ಮದು ಕಿಟಕಿ ಇಲ್ಲದ ಅಗ್ಗದ ಕ್ಯಾಬಿನ್, ಕೆಳಗಿನ ಅಂತಸ್ತು, ಹಡಗಿನ ನಟ್ಟನಡುವೆ. ಕಂಜೂಸುತನ ಅಂದುಕೊಂಡಿದ್ದೆ, ಕ್ಷೌರಕ್ಕೆ ಇದೇ ಒಳ್ಳೆಯ ಜಾಗ ಅಂತ ಆಮೇಲೆ ಗೊತ್ತಾಯಿತು. ತಕ್ಕಡಿಯ ಹಾಗೆ, ತುದಿಯಲ್ಲಿ ಏರಿಳಿತ ಜಾಸ್ತಿ, ನಡುವೆ ಕಡಿಮೆ. ಬಾಲ್ಕನಿ ಇರುವ ಮೇಲಿನ ಕೋಣೆಯವರಿಗೆ ಸಮುದ್ರ ಕಾಣುತ್ತದೆ, ಆದರೆ ಓಲಾಟವೂ ಅವರಿಗೇ ಹೆಚ್ಚು. ಈಗಿನ ದೊಡ್ಡ ಹಡಗುಗಳಿಗೆ ನೀರಿನೊಳಗೆ ಮೀನಿನ ರೆಕ್ಕೆಯ ಥರದ ಹಲಗೆಗಳಿರುತ್ತವೆ, ಹಡಗು ಓಡುತ್ತಿರುವಾಗ ಅವು ಆ ಕಡೆ ಈ ಕಡೆ ವಾಲುವುದನ್ನು ತಡೆಯುತ್ತವೆ.

ಇನ್ನು ಬಚ್ಚಲು. ಅಯ್ಯೋ. ಕ್ಯಾಬಿನ್ನಿನ ಬಚ್ಚಲು ಅಂದರೆ ನಮ್ಮ ಲೋಕಲ್ ರೈಲಿನ ಬಾಗಿಲ ಬಳಿ ಸಂಜೆ ಆರಕ್ಕೆ ಎಷ್ಟು ಜಾಗ ಸಿಗುತ್ತದೋ ಅಷ್ಟು. ಕತ್ತಿ ಹಿಡಿದ ಮೊಣಕೈ ಹೊರಗೆ ಚಾಚಬೇಕು, ಚಾಚಿದರೆ ಶವರಿನ ಪರದೆ. ಇನ್ನೊಂದು ಕೈ ತಲೆಯ ಮೇಲಿಂದ ಬಂದು ಚರ್ಮ ಎಳೆದು ಹಿಡಿಯಬೇಕು, ಎತ್ತಿದರೆ ಟವೆಲಿನ ಕಂಬಿ. ಬೇಸಿನ್ ಎಷ್ಟು ಚಿಕ್ಕದು ಅಂದರೆ ಬ್ರಶ್ ಮತ್ತು ನೊರೆಯ ಬಟ್ಟಲು ಎರಡನ್ನೂ ಇಡಲಾಗದೆ ಬಟ್ಟಲನ್ನು ಕಮೋಡಿನ ಮುಚ್ಚಳದ ಮೇಲೆ ಇಟ್ಟೆ. ಬಿಸಿನೀರು ಬಿಟ್ಟ ಒಂದೇ ನಿಮಿಷಕ್ಕೆ ಕನ್ನಡಿ ಮಂಜು. ಅದಕ್ಕೆ ಹಳೇ ಉಪಾಯ, ನೊರೆಯನ್ನೇ ಕನ್ನಡಿಗೆ ಬಳಿದು ಒಣಬಟ್ಟೆಯಲ್ಲಿ ಒರೆಸಿ ಬಿಡುವುದು, ಆಮೇಲೆ ಮಬ್ಬಾಗುವುದಿಲ್ಲ.

ನೊರೆಗೆ ಮಾತ್ರ ಪೂರ್ತಿ ಅಂಕ. ಹಡಗಿನ ನೀರು ಮೆದು, ಬ್ರಶ್ ನಾಲ್ಕು ಸುತ್ತು ತಿರುಗಿಸಿದರೆ ಮಜ್ಜಿಗೆ ಕಡೆದ ಹಾಗೆ ನೊರೆ ಏಳುತ್ತದೆ. ಬೆಂಗಳೂರಿನಲ್ಲಿ ತಮ್ಮನ ಮನೆಯ ಬೋರ್‌ವೆಲ್ ನೀರಿನಲ್ಲಿ ಅದೇ ಕ್ರೀಮು ಸುಣ್ಣದ ತಿಳಿಯ ಹಾಗೆ ಸೋರಿ ಹೋಗಿತ್ತು.

ಕತ್ತಿಗೆ ಪ್ರತಿ ಸಲ ಹೆರೆಯುವ ಮುಂಚೆ ತೊಗಲಿನ ಪಟ್ಟಿಯ ಮೇಲೆ ನಲವತ್ತು ಐವತ್ತು ಸಲ ಎಳೆಯಬೇಕು, ಬೆನ್ನು ಮುಂದೆ, ಬಾಯಿ ಅಂದರೆ ಹರಿತವಾದ ಅಂಚು ಹಿಂದೆ. ಉಲ್ಟಾ ಎಳೆದರೆ ಪಟ್ಟಿಯೂ ಹೋಯಿತು, ಅಲಗೂ ಹೋಯಿತು. ಮನೆಯಲ್ಲಿ ಕಿಟಕಿಯ ಸರಳಿಗೆ ಪಟ್ಟಿಯನ್ನು ನೇತುಹಾಕುತ್ತೇನೆ. ಕ್ಯಾಬಿನ್ನಿನಲ್ಲಿ ಕೊಕ್ಕೆ ಇಲ್ಲ, ಬಚ್ಚಲ ಬಾಗಿಲ ಹಿಡಿಕೆಗೆ ಸಿಕ್ಕಿಸಿದೆ. "ರೀ, ಇನ್ನೂ ಎಷ್ಟು ಹೊತ್ತು?" ಅಂತ ಒಳಗಿನಿಂದ ಬಾಗಿಲು ತಳ್ಳಿದಳು. ಪಟ್ಟಿ ಸಡಿಲವಾಯಿತು, ಅಲಗು ಕಚ್ಚಿತು, ಅಷ್ಟು ವರ್ಷ ಕಾಪಾಡಿದ್ದ ತೊಗಲಿನ ಮೇಲೆ ಹೆಬ್ಬೆರಳಿನ ಉದ್ದದ ಗಾಯ. ತಪ್ಪು ನನ್ನದೇ. ಪ್ರಯಾಣಕ್ಕೆ ನೇತಾಡುವ ಪಟ್ಟಿ ಬೇಡವೇ ಬೇಡ. ಮರದ ಹಲಗೆಗೆ ತೊಗಲು ಅಂಟಿಸಿದ್ದು ಸಿಗುತ್ತದೆ, ತೊಡೆಯ ಮೇಲೆ ಇಟ್ಟು ಎಳೆಯಬಹುದು, ಅದನ್ನು ಕೊಳ್ಳಿ.

ಈಗ ಗೀರಿನ ಕಥೆ. ಸಂಜೆ ಹೊರಟ ಹಡಗು ಬೆಳಿಗ್ಗೆ ಮುರ್ಮಗೋವಾ ಬಂದರಿಗೆ ಬಂತು. ನಡುಸಮುದ್ರದಲ್ಲಿ ಕತ್ತಿ ಹಿಡಿಯೋದಕ್ಕೆ ಧೈರ್ಯ ಸಾಲದೆ, ಬಂದರು ಸಿಗಲಿ, ಹಡಗು ನಿಲ್ಲಲಿ ಅಂತ ಕಾದೆ. ಹಡಗು ನಿಧಾನವಾಯಿತು. ಸದ್ದು ಅಡಗಿತು. ಇದೇ ಸಮಯ ಅಂದುಕೊಂಡು ಶುರು ಮಾಡಿದೆ. ಬಲಗೆನ್ನೆ ಬೆಣ್ಣೆ. ಎಡ ದವಡೆಗೆ ಕತ್ತಿ ಇಟ್ಟಿದ್ದೇ ತಡ ಇಡೀ ಬಚ್ಚಲು ಗಡಗಡ ನಡುಗಿತು, ಕನ್ನಡಿ, ಲೋಟ, ನನ್ನ ಕೈ, ಎಲ್ಲಾ. ಹಡಗನ್ನು ಧಕ್ಕೆಗೆ ಅಡ್ಡಡ್ಡ ತಳ್ಳಲು ಮೂತಿಯ ಬಳಿ ನೀರಿನೊಳಗೆ ಬೇರೆ ಫ್ಯಾನುಗಳಿರುತ್ತವೆ, ಥ್ರಸ್ಟರ್ ಅಂತಾರೆ, ಅವು ಚಾಲೂ ಆಗಿದ್ದವು. ರಕ್ತ ನೋಡಿದವಳು "ನಾನು ಹೇಳಿರಲಿಲ್ವಾ" ಅನ್ನಲಿಲ್ಲ, ಪಟಿಕದ ತುಂಡು ತಂದು ಕೊಟ್ಟಳು, ಅದು ಬೈಗುಳಕ್ಕಿಂತ ಜಾಸ್ತಿ ಉರಿಯಿತು.

ಮಾರನೇ ದಿನ ವಾಪಸ್ ದಾರಿಯಲ್ಲಿ, ನೆಲ ಕಾಣದ ಜಾಗದಲ್ಲಿ, ಹಟಕ್ಕೆ ಬಿದ್ದು ಮತ್ತೆ ಕೂತೆ. ನಿಜವಾಗಿಯೂ ಕೂತೆ ಅಲ್ಲ, ಸೊಂಟವನ್ನು ಬೇಸಿನ್ನಿಗೆ ಒತ್ತಿ, ಕಾಲು ಅಗಲ ಮಾಡಿ, ಹೆಗಲನ್ನು ಗೋಡೆಗೆ ಆನಿಸಿ ನಿಂತೆ. ಬೇಸಿನ್ನಿನೊಳಗೆ ಟವೆಲ್ ಮಡಚಿ ಇಟ್ಟಿದ್ದೆ, ಕತ್ತಿ ಜಾರಿ ಬಿದ್ದರೂ ಬಾಯಿ ಹೋಗದಿರಲಿ ಅಂತ. ಅಲೆ ಇತ್ತು. ಆದರೆ ದೊಡ್ಡ ಹಡಗಿನ ಓಲಾಟ ತೊಟ್ಟಿಲಿನದ್ದು, ಆಟೋರಿಕ್ಷಾದ್ದಲ್ಲ. ಆ ಕಡೆ ಹೋಗುತ್ತದೆ, ತುದಿಯಲ್ಲಿ ಒಂದು ಗಳಿಗೆ ನಿಲ್ಲುತ್ತದೆ, ಈ ಕಡೆ ಬರುತ್ತದೆ. ಆ ನಿಲ್ಲುವ ಗಳಿಗೆಯಲ್ಲಿ ಒಂದಿಂಚು ಹೆರೆಯುವುದು, ಕತ್ತಿ ಎತ್ತುವುದು, ಕಾಯುವುದು. ಮನೆಯಲ್ಲಿ ಹದಿನೈದು ನಿಮಿಷದ ಕೆಲಸಕ್ಕೆ ಇಲ್ಲಿ ನಲವತ್ತು ನಿಮಿಷ ಹಿಡಿಯಿತು. ಒಂದು ಗೀರೂ ಇಲ್ಲ. ಕೂದಲು ಬೆಳೆದ ದಿಕ್ಕಿಗೇ ಒಂದು ಸುತ್ತು ಹೆರೆದೆ ಅಷ್ಟೆ, ಎದುರು ದಿಕ್ಕಿಗೆ ಹೋಗಲಿಲ್ಲ. ರಜೆಯಲ್ಲಿ ಅಷ್ಟು ನುಣುಪು ಯಾರಿಗೆ ಬೇಕು?

ವಾಂತಿಯ ಮಾತ್ರೆ ನುಂಗಿದ್ದರೆ ಆ ದಿನ ಕತ್ತಿ ಮುಟ್ಟಬೇಡಿ. ಅವೋಮಿನ್ ಥರದ್ದು ನಿದ್ದೆ ತರಿಸುತ್ತದೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವ ನನ್ನ ವಯಸ್ಸಿನವರು ಹಡಗಿನಲ್ಲಿ ಇದರ ಸಹವಾಸಕ್ಕೇ ಹೋಗಬೇಡಿ, ಮಾಮೂಲಿ ರೇಜರ್ ಸಾಕು.

ಕೊನೆಯದು ತುಕ್ಕು. ಉಪ್ಪುಗಾಳಿ, ಆರದ ಬಚ್ಚಲು, ಕಾರ್ಬನ್ ಸ್ಟೀಲ್, ಇನ್ನೇನು ಬೇಕು? ಒರೆಸಿ ಕೊಬ್ಬರಿ ಎಣ್ಣೆ ಸವರಿ ಇಡೋಣ ಅಂದರೆ ಎಸಿ ಕೋಣೆಯಲ್ಲಿ ಸೀಸೆಯೊಳಗೆ ಎಣ್ಣೆ ಗಟ್ಟಿಯಾಗಿ ಕೂತಿತ್ತು. ಮೊದಲ ದಿನ ಸೋಮಾರಿತನದಿಂದ ಹಾಗೇ ತೊಗಲಿನ ಚೀಲಕ್ಕೆ ತುರುಕಿದ್ದೆ. ತೇವ ಹಿಡಿದಿಡೋಕೆ ಅದಕ್ಕಿಂತ ಒಳ್ಳೆ ಜಾಗವಿಲ್ಲ. ಮೂರನೇ ದಿನ ಅಲಗಿನ ಮೇಲೆ ಸಾಸಿವೆ ಕಾಳಿನಷ್ಟು ಎರಡು ಕಂದು ಚುಕ್ಕೆ.

ಅಂಕ ಕೊಡಲೇಬೇಕು ಅಂದರೆ ಕತ್ತಿಗೆ ಐದಕ್ಕೆ ನಾಲ್ಕೂವರೆ, ಹಡಗಿನ ನೀರಿಗೆ ಐದು, ಬಚ್ಚಲಿಗೆ ಒಂದೂವರೆ, ನನಗೆ ಮೂರು. ಇನ್ನೊಂದು ಸಲ ಹೋದರೆ ಇದೇ ಕತ್ತಿ ತಗೊಂಡು ಹೋಗುತ್ತೇನೆ, ಆದರೆ ಹಲಗೆಯ ಪಟ್ಟಿ, ಮಿಷಿನ್ ಎಣ್ಣೆಯ ಚಿಕ್ಕ ಸೀಸೆ, ಗೋಡೆಗೆ ಅಂಟುವ ಸಣ್ಣ ಕನ್ನಡಿ ಜೊತೆಗೆ. ಕನ್ನಡಿ ಇದ್ದರೆ ಬಚ್ಚಲೇ ಬೇಡ, ಕೋಣೆಯ ಮೇಜಿನ ಮುಂದೆ ಕೂತು ಹೆರೆಯಬಹುದು.

ಊರಿಗೆ ಬಂದ ಮೇಲೆ ಕತ್ತಿಯನ್ನು ನಮ್ಮ ಬೀದಿಯ ಸಲೂನಿಗೆ ಒಯ್ದೆ. ಕುಂದಾಪುರದ ಕಡೆಯವರು, ಸಾಣೆಕಲ್ಲು ಹಿಡಿಯಲು ಬರುವ ಹಳಬರು. ಅಲಗನ್ನು ಬೆಳಕಿಗೆ ಹಿಡಿದು ನೋಡಿದರು, ನನ್ನ ದವಡೆ ನೋಡಿದರು. "ಎಂತದು ರಾಯ್ರೇ, ಎರಡಕ್ಕೂ ಒಟ್ಟಿಗೇ ಆಯ್ತಾ?" ಅಂದರು. ಚುಕ್ಕೆ ಹೋಗುತ್ತದಂತೆ, ಬಾಯಿಗೆ ತಾಗಿಲ್ಲವಂತೆ. ಶನಿವಾರ ಬನ್ನಿ ಅಂದಿದ್ದಾರೆ.