ಅಕಿಲಿಸ್ ನೋವಿಗೆ ರೆಸ್ಟಾ, ಹೀಲ್ ಡ್ರಾಪಾ, ಭಾರ ಎತ್ತೋದಾ, ಶಾಕ್‌ವೇವಾ?

ಯಾವ್ದು ಬೆಸ್ಟು ಅಂತ ಕೇಳೋಕ್ ಮುಂಚೆ ನೋವು ಎಲ್ಲಿದೆ ನೋಡ್ಕೊಳಿ. ಎರಡು ಬೆರಳಲ್ಲಿ ಅಕಿಲಿಸ್ ಟೆಂಡನ್ (ಮೀನಖಂಡನ ಹಿಮ್ಮಡಿ ಮೂಳೆಗೆ ಸೇರಿಸೋ ದಪ್ಪ ಪಟ್ಟಿ) ಹಿಡ್ಕೊಂಡು ಒತ್ತುತ್ತಾ ಹೋಗಿ, ಹಿಮ್ಮಡಿ ಮೂಳೆಯಿಂದ 2ರಿಂದ 6 ಸೆಂ.ಮೀ. ಮೇಲೆ ದಪ್ಪಗೆ ಗಂಟು ಸಿಕ್ಕಿ ಅಲ್ಲೇ ಚುರುಕ್ ಅಂದ್ರೆ ಮಧ್ಯಭಾಗದ ತೊಂದರೆ, ಮೂಳೆಗೆ ಅಂಟೋ ಜಾಗದಲ್ಲೇ ನೋವಿದ್ರೆ ಅದು ಬೇರೆ. ನಂದು ಮಧ್ಯಭಾಗದ್ದು.

ರೆಸ್ಟು, ಐಸು, ಮಾತ್ರೆ: ಸುಮ್ನೆ ಕೂತಿರೋವರೆಗೂ ಆರಾಮು, ಮತ್ತೆ ಓಡಕ್ಕೆ ಹೋದ್ರೆ ಅದೇ ರಾಗ. ಭಾರನೇ ಬೀಳದಿದ್ರೆ ಟೆಂಡನ್ ಇನ್ನಷ್ಟು ಸೋಲುತ್ತೆ ಅಷ್ಟೇ.

ಹೀಲ್ ಡ್ರಾಪು ಸ್ವೀಡನ್ನಿನ ಡಾಕ್ಟರ್ ಆಲ್ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ಕ್ರಮ. ಮೆಟ್ಟಿಲಂಚಲ್ಲಿ ಮುಂಗಾಲ ಮೇಲೆ ನಿಂತು, ಒಳ್ಳೆ ಕಾಲಲ್ಲಿ ಮೇಲೆದ್ದು, ನೋವಿರೋ ಕಾಲಲ್ಲಿ ಹಿಮ್ಮಡಿನ ನಿಧಾನಕ್ಕೆ ಕೆಳಗಿಳಿಸೋದು, ಮಂಡಿ ನೆಟ್ಟಗಿಟ್ಟು 15ರಂತೆ 3 ಸೆಟ್, ಮಂಡಿ ಬಗ್ಗಿಸಿ ಇನ್ನು 3 ಸೆಟ್, ದಿನಕ್ಕೆರಡು ಸಲ, 12 ವಾರ. ಲೆಕ್ಕ ಹಾಕಿ, ದಿನಕ್ಕೆ 180! ಕಾಸು ಖರ್ಚಿಲ್ಲ, ನೋವೂ ಕಮ್ಮಿ ಆಗ್ತಾ ಬಂತು, ಆದ್ರೆ ದಿನಾ ಇದನ್ನೇ ಮಾಡೋ ತಾಳ್ಮೆ ಯಾರಿಗಿರುತ್ತೆ ಹೇಳಿ.

ಅದಕ್ಕೇ ನನ್ನ ವೋಟು ಭಾರ ಹಾಕ್ಕೊಂಡು ನಿಧಾನಕ್ಕೆ ಮಾಡೋ ಕಾಫ್ ರೈಸ್‌ಗೆ, ಅಂದ್ರೆ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ಮತ್ತೆ ಇಳಿಸೋದು. ಮೂರು ಸೆಕೆಂಡ್ ಮೇಲೆ, ಮೂರು ಸೆಕೆಂಡ್ ಕೆಳಗೆ, ವಾರಕ್ಕೆ ಮೂರೇ ದಿನ. ಶುರುವಲ್ಲಿ ಸೆಟ್‌ಗೆ 15, ಆಮೇಲೆ ಭಾರ ಏರಿಸ್ತಾ 6ಕ್ಕೆ ಇಳಿಸೋದು. 2015ರ ಡೆನ್ಮಾರ್ಕ್ ಅಧ್ಯಯನದಲ್ಲಿ ಹೀಲ್ ಡ್ರಾಪು, ಇದು ಎರಡರ ಫಲಿತಾಂಶನೂ ಹೆಚ್ಚುಕಮ್ಮಿ ಒಂದೇ ಬಂದಿತ್ತು, ಅಂದ್ಮೇಲೆ ಬಿಡದೆ ಮಾಡಕ್ಕಾಗೋದನ್ನ ಆರಿಸ್ಕೊಳ್ಳೋದು ಜಾಣತನ ಅಲ್ವಾ. ಮಾಡೋವಾಗ 10ಕ್ಕೆ 5ರಷ್ಟು ನೋವಿದ್ರೂ ಪರ್ವಾಗಿಲ್ಲ, ಮಾರನೇ ಬೆಳಿಗ್ಗೆ ಮಂಚದಿಂದ ಇಳಿದು ಇಡೋ ಮೊದಲ ಹೆಜ್ಜೆನೇ ರಿಪೋರ್ಟ್ ಕಾರ್ಡು, ಅಲ್ಲಿ ಬಿಗಿತ ಜಾಸ್ತಿಯಾಗಿದ್ರೆ ಭಾರ ಇಳಿಸಿ.

ಶಾಕ್‌ವೇವ್ ಅಂದ್ರೆ ಗಂಟಿನ ಮೇಲೇ ಟಕಟಕ ಅಂತ ಬಡಿಯೋ ಮೆಷಿನ್ನು. ಹಲ್ಲು ಕಚ್ಚಿ ಕೂತಿದ್ದೆ. ಒಂದಷ್ಟು ಹಗುರ ಅನ್ನಿಸ್ತು, ಆದ್ರೆ ಜೊತೆಗೆ ವ್ಯಾಯಾಮನೂ ನಡೀತಿತ್ತು, ಕ್ರೆಡಿಟ್ ಯಾವುದಕ್ಕೆ ಕೊಡೋದು? ಸ್ಟೆರಾಯ್ಡ್ ಇಂಜೆಕ್ಷನ್ ಮಾತ್ರ ಬೇಡ ಅಂದೆ, ಟೆಂಡನ್ ಹರಿಯೋ ಅಪಾಯ ಇದೆ. ಸಿಪ್ರೊಫ್ಲಾಕ್ಸಾಸಿನ್ ಥರದ ಆಂಟಿಬಯೋಟಿಕ್‌ಗೂ ಇದೇ ಎಚ್ಚರಿಕೆ, ಬರೆದುಕೊಡೋ ಡಾಕ್ಟರಿಗೆ ನಿಮ್ಮ ಕಾಲಿನ ಕಥೆ ಮೊದಲೇ ಹೇಳಿ.

ಮೂಳೆ ಹತ್ರ ನೋವಿರೋರು ಮೆಟ್ಟಿಲಂಚು ಬಿಟ್ಟು ಸಮನೆಲದ ಮೇಲೇ ಮಾಡಿ, ಹಿಮ್ಮಡಿ ಕೆಳಗಿಳಿದಷ್ಟೂ ಟೆಂಡನ್ನು ಮೂಳೆಗೆ ಒತ್ತುತ್ತೆ. ಶೂ ಒಳಗೆ ಹೀಲ್ ಪ್ಯಾಡ್ ಇಟ್ಕೊಂಡ್ರೆ ನಡೆಯೋದು ಸುಲಭ. ಟಪ್ ಅಂತ ಸದ್ದಾಗಿ ತುದಿಗಾಲಲ್ಲಿ ನಿಲ್ಲಕ್ಕೇ ಆಗ್ತಿಲ್ಲ ಅಂದ್ರೆ ಈ ಹೋಲಿಕೆ ಎಲ್ಲ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.