ಮೊದಲು ಕಿಟಕಿ ಬಿಚ್ಚುತ್ತಾರೆಯೇ ಕೇಳಿ: ಇಂಗ್ಲೆಂಡಿನ ನ್ಯಾರೋಬೋಟ್ ಪೇಂಟಿಂಗ್ ಸೇವೆಯ ವಿಮರ್ಶೆ

57 ಅಡಿ ಉದ್ದದ ನ್ಯಾರೋಬೋಟ್‌ಗೆ (ಇಂಗ್ಲೆಂಡಿನ ಕಾಲುವೆಗಳಲ್ಲಿ ಓಡುವ ಕಿರಿದಾದ ಉಕ್ಕಿನ ದೋಣಿಗೆ) ವೃತ್ತಿಪರರಿಂದ ಪೂರ್ತಿ ಹೊಸ ಬಣ್ಣ ಹೊಡೆಸಬೇಕೆಂದರೆ ಅಡಿಗೆ ಸುಮಾರು 120ರಿಂದ 200 ಪೌಂಡ್ ಕೇಳುತ್ತಾರೆ. ಒಟ್ಟು 7,000ದಿಂದ 11,000 ಪೌಂಡ್. ಮೊದಲ ಸಲ ಕೇಳಿದವರಿಗೆ ಎದೆ ಧಸಕ್ಕೆನ್ನುತ್ತದೆ. ಇಷ್ಟು ದುಡ್ಡು ಎಲ್ಲಿ ಹೋಗುತ್ತದೆ ಎಂದು ಲೆಕ್ಕ ಹಾಕಿದರೆ ಈ ಸೇವೆಯನ್ನು ಹೇಗೆ ಅಳೆಯಬೇಕು ಎಂಬುದು ತಾನಾಗಿ ಗೊತ್ತಾಗುತ್ತದೆ.

ಅಂಥ ದೋಣಿಯ ಕ್ಯಾಬಿನ್ ಸುಮಾರು 42 ಅಡಿ. ಎರಡು ಪಕ್ಕದ ಗೋಡೆ ಸೇರಿ 27–28 ಚದರ ಮೀಟರ್, ಮೇಲ್ಛಾವಣಿ 23. ಒಂದು ಲೀಟರ್ ಎನಾಮಲ್ (ಹೊಳಪಿನ ಎಣ್ಣೆಬಣ್ಣ) 12 ಚದರ ಮೀಟರ್ ಸವರುತ್ತದೆ ಎಂದುಕೊಂಡರೂ ಎರಡು ಕೈ ಪ್ರೈಮರ್ (ಉಕ್ಕಿಗೆ ಹಿಡಿಯುವ ತಳಬಣ್ಣ), ಎರಡು ಕೈ ಅಂಡರ್‌ಕೋಟ್ (ನಡುವಿನ ಪದರ), ಎರಡು ಕೈ ಗ್ಲಾಸ್ (gloss, ಮೇಲಿನ ಹೊಳಪು ಪದರ) ಎಲ್ಲ ಸೇರಿ 25, ಪೋಲಾಗುವುದನ್ನೂ ಹಿಡಿದರೆ 30 ಲೀಟರ್ ಆಸುಪಾಸು. ಲೀಟರಿಗೆ 30–40 ಪೌಂಡ್ ಹಿಡಿಯಿರಿ. ಸಾವಿರ, ಹೆಚ್ಚೆಂದರೆ ಹನ್ನೆರಡು ನೂರು. ಉಳಿದದ್ದೆಲ್ಲ ಕೂಲಿ ಮತ್ತು ಶೆಡ್ಡಿನ ಬಾಡಿಗೆ. ಹಾಗಾಗಿ "ನಾವು ಒಳ್ಳೇ ಬ್ರ್ಯಾಂಡಿನ ಬಣ್ಣ ಬಳಸುತ್ತೇವೆ" ಎಂಬ ಮಾತಿಗೆ ಅಷ್ಟೇನೂ ಬೆಲೆಯಿಲ್ಲ. ಕ್ರಾಫ್ಟ್‌ಮಾಸ್ಟರ್, ರೈಲಾರ್ಡ್, ಎಪಿಫೇನ್ಸ್ ಎಲ್ಲವೂ ಒಳ್ಳೆಯವೇ. ಸರಿಯಾಗಿ ಉಜ್ಜಿದ, ಒಣಗಿದ ಉಕ್ಕಿನ ಮೇಲೆ ಕೂತರೆ ಯಾವುದೂ ಏಳೆಂಟು ವರ್ಷ ಬಾಳುತ್ತದೆ. ತುಕ್ಕಿನ ಮೇಲೆ ಬಳಿದರೆ ಎಷ್ಟು ದುಬಾರಿಯದೂ ಎರಡನೇ ಚಳಿಗಾಲಕ್ಕೆ ಗುಳ್ಳೆ ಏಳುತ್ತದೆ.

ಮಿಲ್ಟನ್ ಕೀನ್ಸ್, ಬರ್ಮಿಂಗ್‌ಹ್ಯಾಮ್, ಲಂಡನ್ ಕಡೆಯಲ್ಲಿರುವ ಕನ್ನಡಿಗರು ಕಾಲುವೆ ದಂಡೆಯಲ್ಲಿ ಈ ದೋಣಿಗಳನ್ನು ದಿನಾ ನೋಡಿರುತ್ತಾರೆ. ಊರಲ್ಲಿ ಓದುತ್ತಿರುವವರಿಗಾಗಿ ಎರಡು ಮಾತು: ಹಳೆಯ ಕಾಲುವೆಗಳಲ್ಲಿ ಹಲವದರ ಲಾಕ್‌ಗಳು (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಬಾಗಿಲುಕಟ್ಟೆಗಳು) 7 ಅಡಿ ಅಗಲ, ಆದ್ದರಿಂದ ದೋಣಿ 6 ಅಡಿ 10 ಇಂಚು. ಉದ್ದ ಮಾತ್ರ 72 ಅಡಿವರೆಗೂ ಹೋಗುತ್ತದೆ. ಈಗಿನವು ಉಕ್ಕಿನವು. ಸಾಮಾನ್ಯವಾಗಿ ತಳಕ್ಕೆ 10 ಮಿಲಿಮೀಟರ್ ತಗಡು, ಒಡಲಿನ ಪಕ್ಕಕ್ಕೆ 6, ಕ್ಯಾಬಿನ್‌ಗೆ 4. ಬಣ್ಣ ಕಾಯಬೇಕಾದ್ದು ಈ ತೆಳ್ಳಗಿನ ನಾಲ್ಕನ್ನು.

ಕೊಟೇಶನ್ ಬಂದಾಗ ಅದರಲ್ಲಿ ಏನು ಸೇರಿಲ್ಲ ಎಂಬುದನ್ನು ಮೊದಲು ನೋಡಿ. ನೀರಿನ ಮಟ್ಟದ ಕಪ್ಪು ಭಾಗಕ್ಕೆ ಮಾಡುವ ಬ್ಲ್ಯಾಕಿಂಗ್ ಬೇರೆಯದೇ ಕೆಲಸ, ಬೇರೆಯದೇ ಬಿಲ್ಲು. ಅದಕ್ಕೆ ದೋಣಿಯನ್ನು ನೀರಿನಿಂದ ಎತ್ತಬೇಕು ಅಥವಾ ಡ್ರೈ ಡಾಕ್‌ಗೆ (ನೀರು ಬಸಿದು ಒಣಗಿಸುವ ಕಟ್ಟೆಗೆ) ಒಯ್ಯಬೇಕು. ಬಿಟುಮಿನ್ (ಡಾಂಬರಿನಂಥ ಕಪ್ಪು ಲೇಪ) ಆದರೆ ಎರಡು ಮೂರು ವರ್ಷಕ್ಕೊಮ್ಮೆ. ಎಪಾಕ್ಸಿ (ಎರಡು ಡಬ್ಬಿ ಬೆರೆಸಿದಾಗ ಗಟ್ಟಿಯಾಗುವ ಲೇಪ) ಇನ್ನೂ ಹೆಚ್ಚು ಕಾಲ ಬರುತ್ತದೆ, ಆದರೆ ಹಳೆಯ ಬಿಟುಮಿನ್ ಮೇಲೆ ಅದು ಕೂರುವುದಿಲ್ಲ, ಗ್ರಿಟ್ ಬ್ಲಾಸ್ಟಿಂಗ್ (ಒತ್ತಡದ ಗಾಳಿಯಲ್ಲಿ ಹರಳುಪುಡಿ ಎರಚಿ ಕೆರೆಯುವುದು) ಮಾಡಿಸಿ ಬರೀ ಉಕ್ಕಿಗೆ ತರಬೇಕು. ಬ್ಲ್ಯಾಕಿಂಗ್, ಮೇಲಿನ ಬಣ್ಣ ಎರಡೂ ಮಾಡಿಸುವವರು ಬ್ಲಾಸ್ಟಿಂಗ್ ಮೊದಲು, ಮೇಲಿನ ಬಣ್ಣ ಆಮೇಲೆ ಎಂಬ ಕ್ರಮ ತಪ್ಪಿಸಬಾರದು. ಹೊಸ ಗ್ಲಾಸ್ ಮೇಲೆ ಗ್ರಿಟ್ ಧೂಳು ಕೂತರೆ ದುಡ್ಡು ನೀರುಪಾಲು. ಇನ್ನೊಂದು: ಹಿಂದಿನವರು ಯಾರಾದರೂ ಬಿಟುಮಿನ್ ಅನ್ನು ಗನಲ್ ಅಂಚಿನವರೆಗೂ (ಒಡಲಿನ ಮೇಲಂಚು, ಕ್ಯಾಬಿನ್ ಗೋಡೆಯ ಬುಡ) ಎಳೆದಿದ್ದರೆ, ಅದರ ಮೇಲೆ ಎನಾಮಲ್ ಹೊಡೆದಾಗ ಕಂದು ಕಲೆ ಮೇಲಕ್ಕೆ ಹಾಯುತ್ತದೆ. ಎಷ್ಟು ಕೈ ಹೊಡೆದರೂ ಅದು ನಿಲ್ಲುವುದಿಲ್ಲ. ಕೆರೆದು ತೆಗೆಯಲೇಬೇಕು.

ಈಗ ಕಿಟಕಿಯ ವಿಷಯ. ಈ ಸೇವೆಯಲ್ಲಿ ಒಳ್ಳೆಯ ಪೇಂಟರ್ ಮತ್ತು ಸಾಧಾರಣ ಪೇಂಟರ್ ಬೇರೆಯಾಗುವುದು ಇಲ್ಲೇ. ಕ್ಯಾಬಿನ್ ಮೊದಲು ಕೊಳೆಯುವುದು ಅಲ್ಯೂಮಿನಿಯಂ ಚೌಕಟ್ಟಿನ ಹಿಂದೆ, ಅದರಲ್ಲೂ ಕೆಳಗಿನ ಅಂಚಿನಲ್ಲಿ. ಚೌಕಟ್ಟಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಅವು ಕಸ, ಪಾಚಿಯಿಂದ ಕಟ್ಟಿಕೊಂಡರೆ ನೀರು ಒಳಗೇ ನಿಂತು ಹಳೆಯ ಮ್ಯಾಸ್ಟಿಕ್ (ಸಂದು ಮುಚ್ಚುವ ಅಂಟು) ದಾಟಿ ಉಕ್ಕಿಗೆ ತಗಲುತ್ತದೆ. ಹೊರಗೆ ನೋಡಿದರೆ ಚೌಕಟ್ಟಿನ ಮೂಲೆಯಲ್ಲಿ ಕಾಸಿನಗಲ ಗುಳ್ಳೆ ಅಷ್ಟೇ. ಬಿಚ್ಚಿದರೆ ಒಳಗೆ ಅಂಗೈಯಗಲ ತುಕ್ಕು. ಟೇಪ್ ಅಂಟಿಸಿ ಚೌಕಟ್ಟಿನ ಸುತ್ತ ಬಣ್ಣ ಹೊಡೆಯುವವರು ಈ ತುಕ್ಕನ್ನು ಮುಟ್ಟುವುದೇ ಇಲ್ಲ. ಅಲ್ಲದೆ ಟೇಪ್ ಎಳೆದಾಗ ಬಣ್ಣದ ಅಂಚು ತೆರೆದುಕೊಂಡು ನೀರಿಗೆ ಹೊಸ ದಾರಿಯಾಗುತ್ತದೆ.

ಆದ್ದರಿಂದ ಕಿಟಕಿ, ಪೋರ್ಟ್‌ಹೋಲ್ (ದುಂಡು ಕಿಟಕಿ), ಛಾವಣಿಯ ಅಣಬೆಯಾಕಾರದ ವೆಂಟ್‌ಗಳು, ದೀಪ, ಕೊಂಡಿ ಎಲ್ಲವನ್ನೂ ಬಿಚ್ಚುವುದು ಬೆಲೆಯಲ್ಲಿ ಸೇರಿದೆಯೇ, ತಿರುಗಿ ಕೂರಿಸುವಾಗ ಹೊಸ ಮ್ಯಾಸ್ಟಿಕ್ ಟೇಪ್ ಹಾಕುತ್ತಾರೆಯೇ ಎಂದು ಬರಹದಲ್ಲಿ ಕೇಳಿ. ಹಳೆಯ ಸ್ಕ್ರೂ ಮುರಿದರೆ ಕೊರೆದು ಹೊಸದು ಹಾಕುವ ಖರ್ಚು ಯಾರದು ಎಂಬುದನ್ನೂ ಅಲ್ಲೇ ಬರೆಸಿ. ಸ್ಕ್ರೂ ಮುರಿಯದೇ ಇರುವುದಿಲ್ಲ. ಸಿಲಿಕೋನ್ ಸೀಲಂಟ್ ತರುವ ಪೇಂಟರ್‌ನನ್ನು ಅಲ್ಲೇ ನಿಲ್ಲಿಸಿ. ಅದರ ಅಂಶ ಉಕ್ಕಿಗೆ ಸ್ವಲ್ಪ ತಗುಲಿದರೂ ಮುಂದೆ ಅಲ್ಲಿ ಬಣ್ಣ ಹಿಡಿಯುವುದಿಲ್ಲ. ಎಣ್ಣೆ ಹನಿಯ ಮೇಲೆ ನೀರು ಸರಿದಂತೆ ಬಣ್ಣ ಸರಿದು ಸಣ್ಣ ಸಣ್ಣ ಕುಳಿ ಬೀಳುತ್ತದೆ. ವರ್ಷಗಟ್ಟಲೆ ಹಚ್ಚಿದ ಮೇಣದ ಪಾಲಿಶ್‌ನಿಂದಲೂ ಇದೇ ಗತಿ. ಅದಕ್ಕೇ ಉಜ್ಜುವ ಮೊದಲು ಜಿಡ್ಡು ತೆಗೆಯುವ ದ್ರಾವಣದಲ್ಲಿ ಇಡೀ ಕ್ಯಾಬಿನ್ ತೊಳೆಯಬೇಕು. ಉಜ್ಜಿ ಆಮೇಲೆ ತೊಳೆದರೆ ಜಿಡ್ಡನ್ನು ಗೀರುಗಳೊಳಗೆ ತುಂಬಿಸಿದಂತೆ.

ಉಜ್ಜುವ ಕೆಲಸ ಬೇಸರದ್ದು, ಆದರೆ ಬಿಲ್ಲಿನ ದೊಡ್ಡ ಪಾಲು ಇದಕ್ಕೇ. ತುಕ್ಕು ಕಂಡಲ್ಲಿ ಗ್ರೈಂಡರ್ ಹಿಡಿದು ಹೊಳೆಯುವ ಲೋಹ ಕಾಣುವ ತನಕ ತೆಗೆಯಬೇಕು, ಸುತ್ತಲಿನ ಗಟ್ಟಿ ಬಣ್ಣದ ಅಂಚನ್ನು 80 ನಂಬರ್ ಎಮರಿ ಪೇಪರ್‌ನಿಂದ ಇಳಿಜಾರು ಮಾಡಬೇಕು. ಪ್ರೈಮರ್‌ಗೆ ಮುಂಚೆ 120ರಿಂದ 180, ಅಂಡರ್‌ಕೋಟ್ ನಡುವೆ 240, ಕೊನೆಯ ಗ್ಲಾಸ್‌ಗೆ ಮುಂಚೆ 320–400ರಲ್ಲಿ ನೀರು ಹಾಕಿ ಉಜ್ಜಬೇಕು. 1990ರ ದಶಕಕ್ಕಿಂತ ಹಳೆಯ ದೋಣಿಯಾದರೆ ತಳದ ಪದರದಲ್ಲಿ ಸೀಸವಿರುವ ಬಣ್ಣ ಇರಬಹುದು, ಅಂಥದ್ದನ್ನು ಒಣಗಿದಂತೆಯೇ ಉಜ್ಜಿ ಧೂಳೆಬ್ಬಿಸಬಾರದು.

ಕೆಲವು ದೋಣಿಗಳಲ್ಲಿ ಬಣ್ಣ ಎಷ್ಟು ಸಲ ಹೊಡೆಸಿದರೂ ಹಾಳೆ ಹಾಳೆಯಾಗಿ ಏಳುತ್ತದೆ, ಅದರ ಹಿಂಭಾಗ ನೀಲಿಗಪ್ಪು ಬಣ್ಣದ ಗಟ್ಟಿ ಚಕ್ಕೆ. ಇದು ತುಕ್ಕಲ್ಲ. ಕಾರ್ಖಾನೆಯಲ್ಲಿ ತಗಡು ಕಾಯಿಸಿ ಉರುಳಿಸಿದಾಗ ಕೂತ ಮಿಲ್ ಸ್ಕೇಲ್. ದೋಣಿ ಕಟ್ಟಿದಾಗ ಅದನ್ನು ಬ್ಲಾಸ್ಟ್ ಮಾಡದೆ ಬಿಟ್ಟಿರುತ್ತಾರೆ. ಹೀಗಿದ್ದರೆ ಮೇಲುಮೇಲಿನ ದುರಸ್ತಿಗೆ ಒಂದು ಪೌಂಡನ್ನೂ ಖರ್ಚು ಮಾಡಬೇಡಿ. ಬರೀ ಉಕ್ಕಿಗೆ ಇಳಿಸಿ ಶುರು ಮಾಡುವುದೇ ಸರಿ. ಮಾತಿನಲ್ಲಿ ಒಪ್ಪಿಸುವ ಮುನ್ನ ನಾಲ್ಕು ಕಡೆ ಕೆರೆದು ತೋರಿಸುವ ಪೇಂಟರ್ ಸಿಕ್ಕರೆ ಅವನನ್ನು ಬಿಡಬೇಡಿ.

ಪ್ರೈಮರ್ ಎಂದರೆ ನಮ್ಮಲ್ಲಿ ಗೇಟಿಗೆ ಹೊಡೆಯುವ ರೆಡ್ ಆಕ್ಸೈಡ್ ನೆನಪಾಗುತ್ತದೆ. ಇಲ್ಲಿ ಜಿಂಕ್ ಫಾಸ್ಫೇಟ್ ಅಥವಾ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಕೇಳಿ. ಎಪಾಕ್ಸಿಗೆ ಮುಂದಿನ ಕೈ ಇಂತಿಷ್ಟು ಹೊತ್ತಿನೊಳಗೆ ಎಂಬ ಗಡುವು ಡಬ್ಬಿಯ ಮೇಲೇ ಇರುತ್ತದೆ. ಅದು ಮೀರಿದರೆ ಮೇಲ್ಮೈ ಗಾಜಿನಂತಾಗಿ ಮುಂದಿನ ಪದರ ಹಿಡಿಯುವುದಿಲ್ಲ, ಮತ್ತೆ ಉಜ್ಜಬೇಕು. ಬೆಸುಗೆಯ ಏಣು, ಛಾವಣಿಯ ಕೈಹಿಡಿಯ ತಳಭಾಗ, ಕಿಟಕಿ ಕೊರೆದ ಅಂಚು ಇವುಗಳ ಮೇಲೆ ರೋಲರ್ ಉರುಳಿದಾಗ ಬಣ್ಣ ಚೂಪಿನಿಂದ ಸರಿದು ತೆಳುವಾಗುತ್ತದೆ. ತಿಳಿದವರು ಈ ಅಂಚುಗಳಿಗೆ ಮೊದಲೇ ಬ್ರಷ್ಷಿನಲ್ಲಿ ಒಂದು ಕೈ ಹೆಚ್ಚಿಗೆ ಕೊಡುತ್ತಾರೆ. ಪ್ರೈಮರ್ ಹಂತದಲ್ಲಿ ಒಮ್ಮೆ ಹೋಗಿ ನೋಡುವ ಅವಕಾಶ ಇಟ್ಟುಕೊಳ್ಳಿ. ಆಮೇಲೆ ಎಲ್ಲ ಮುಚ್ಚಿಹೋಗುತ್ತದೆ.

ಇನ್ನು ಶೆಡ್. ಬಯಲಲ್ಲಿ, ಕಾಲುವೆ ದಂಡೆಯಲ್ಲೇ ಬಂದು ಹೊಡೆದುಕೊಡುವವರ ದರ ಕಡಿಮೆ, ಜೂನ್ ತಿಂಗಳಲ್ಲಿ ಕೆಲಸ ಚೆನ್ನಾಗಿಯೂ ಆಗಬಹುದು. ಆದರೆ ಬಣ್ಣದ ಶತ್ರು ಮಳೆಯೊಂದೇ ಅಲ್ಲ, ಇಬ್ಬನಿ. ಉಕ್ಕಿನ ಬಿಸುಪು ಇಬ್ಬನಿ ಕಟ್ಟುವ ಬಿಸುಪಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು, ಗಾಳಿಯ ತೇವ ಶೇಕಡಾ 85 ಮೀರಬಾರದು. ಗಾಳಿ 12 ಡಿಗ್ರಿ, ತೇವ ಶೇಕಡಾ 80 ಇದ್ದ ದಿನ ಇಬ್ಬನಿ ಕಟ್ಟುವುದು ಸುಮಾರು 8.7 ಡಿಗ್ರಿಗೆ. ಅಂದರೆ ತಗಡು 11.7ಕ್ಕಿಂತ ಬೆಚ್ಚಗಿರಬೇಕು, ರಾತ್ರಿಯೆಲ್ಲ ತಣ್ಣಗಾದ ಉಕ್ಕು ಬೆಳಿಗ್ಗೆ ಹತ್ತಕ್ಕೂ ಅಷ್ಟಾಗಿರುವುದಿಲ್ಲ. ಕಣ್ಣಿಗೆ ಒಣಗಿದಂತೆ ಕಂಡರೂ ಮೇಲೆ ತೇವದ ತೆಳು ಪದರ ಇರುತ್ತದೆ, ಅದನ್ನು ಒಳಗಿಟ್ಟು ಬಣ್ಣ ಮುಚ್ಚಿದರೆ ಬಿಸಿಲು ಬಿದ್ದಾಗ ಸಾಸಿವೆಯಂಥ ಗುಳ್ಳೆಗಳು. ಸಂಜೆಯ ಕಡೆಯೂ ಅಪಾಯವೇ: ಮಧ್ಯಾಹ್ನ ಎರಡು ಮೂರರ ಮೇಲೆ ಗ್ಲಾಸ್ ಹೊಡೆದರೆ ಅದು ಮುಟ್ಟಲು ಒಣಗುವಷ್ಟರಲ್ಲಿ ಇಬ್ಬನಿ ಬಿದ್ದು ಬೆಳಿಗ್ಗೆ ಹೊಳಪು ಸತ್ತಿರುತ್ತದೆ. ಜೊತೆಗೆ ನೀರಿನ ಮೇಲಿನ ಗುಂಗಾಡುಗಳು ಹೊಳೆಯುವ ಬಣ್ಣಕ್ಕೆ ಬಂದು ಅಂಟುತ್ತವೆ.

ಬಿಸಿ ಮಾಡುವ, ಮುಚ್ಚಿದ ಪೇಂಟ್ ಡಾಕ್ ಇರುವವರು ಹೆಚ್ಚು ಕೇಳುವುದಕ್ಕೆ ಇದೇ ಕಾರಣ, ಅದು ನ್ಯಾಯವಾದ ಹೆಚ್ಚಳ. ಭೇಟಿಗೆ ಹೋದಾಗ ನೋಡಬೇಕಾದ್ದು ಗೋಡೆಯ ಮೇಲಿನ ಫೋಟೋಗಳನ್ನಲ್ಲ. ತೇವಮಾಪಕ ಮತ್ತು ಉಕ್ಕಿಗೆ ಅಂಟಿಸುವ ಉಷ್ಣಮಾಪಕ ಇವೆಯೇ, ಗ್ಲಾಸ್ ಹೊಡೆಯುವ ದಿನ ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸುತ್ತಾರೆಯೇ, ಅದೇ ಶೆಡ್ಡಿನಲ್ಲಿ ಪಕ್ಕದ ದೋಣಿಗೆ ಗ್ರೈಂಡರ್ ಹಿಡಿಯುತ್ತಾರೆಯೇ, ಇವನ್ನು ನೋಡಿ. ಇಂಥ ಡಾಕ್‌ಗಳಲ್ಲಿ ಸರದಿ ಉದ್ದ, ಕೆಲವೊಮ್ಮೆ ವರ್ಷ. ಕೆಲಸ ಶುರುವಾದ ಮೇಲೆ ಮೂರರಿಂದ ಆರು ವಾರ. ಹತ್ತು ದಿನದಲ್ಲಿ ಮುಗಿಸಿಕೊಡುತ್ತೇನೆ ಎಂದರೆ ಯಾವುದೋ ಹಂತ ಬಿಟ್ಟಿದ್ದಾರೆ ಎಂದೇ ತಿಳಿಯಿರಿ. ಇಲ್ಲಿ ಬಳಸುವ ಆಲ್ಕಿಡ್ ಜಾತಿಯ ಎನಾಮಲ್ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಕೆಳಗಿನ ಪದರ ಮೆತ್ತಗಿರುವಾಗಲೇ ಮೇಲೆ ಇನ್ನೊಂದು ಹೊಡೆದರೆ ಹಪ್ಪಳದಂತೆ ಸುಕ್ಕು.

ಬ್ರಷ್ಷೋ ಸ್ಪ್ರೇಯೋ? ನಮ್ಮ ಮತ ಬ್ರಷ್ಷಿಗೆ. ಎರಡು ಡಬ್ಬಿಯ ಪಾಲಿಯುರೆಥೇನ್ ಸ್ಪ್ರೇ ಮಾಡಿದರೆ ಕಾರಿನಂತೆ ಮಿಂಚುತ್ತದೆ, ಗಟ್ಟಿಯೂ ಹೌದು. ಆದರೆ ಲಾಕ್ ಗೋಡೆಗೆ, ಸೇತುವೆಯ ಕಮಾನಿಗೆ ಉಜ್ಜುವುದು ಈ ದೋಣಿಗಳ ಹಣೆಬರಹ. ಎನಾಮಲ್ ಗೀರನ್ನು ಒಂದು ಮಧ್ಯಾಹ್ನದಲ್ಲಿ ಸಣ್ಣ ಬ್ರಷ್ಷಿನಿಂದ ಸರಿಪಡಿಸಬಹುದು, ಸ್ಪ್ರೇ ಪದರದಲ್ಲಿ ತೇಪೆ ಎದ್ದು ಕಾಣುತ್ತದೆ. ಆ ಸ್ಪ್ರೇ ಬಣ್ಣದಲ್ಲಿ ಐಸೋಸಯನೇಟ್ (ಉಸಿರಾಟಕ್ಕೆ ಹಾನಿ ಮಾಡುವ ರಾಸಾಯನಿಕ) ಇರುವುದರಿಂದ ಹೊರಗಿನ ಗಾಳಿ ಪೂರೈಸುವ ಮುಖವಾಡ ಬೇಕು. ಬರೀ ಬಟ್ಟೆ ಕಟ್ಟಿಕೊಂಡು ಸ್ಪ್ರೇ ಮಾಡುವ ಅಂಗಳದಲ್ಲಿ ದೋಣಿ ಬಿಡಬೇಡಿ. ಒಳ್ಳೆಯ ಬ್ರಷ್ ಕೆಲಸಕ್ಕೆ ಇಬ್ಬರು ಬೇಕು: ಮುಂದೆ ಒಬ್ಬರು ರೋಲರ್ ಉರುಳಿಸಿದರೆ, ಹಿಂದೆಯೇ ಇನ್ನೊಬ್ಬರು ಅಗಲ ಬ್ರಷ್ಷಿನ ತುದಿಯಿಂದ ಮೆಲ್ಲಗೆ ಎಳೆದು ಗುರುತು ಅಳಿಸುತ್ತಾರೆ. 42 ಅಡಿ ಉದ್ದಕ್ಕೂ ಹಸಿ ಅಂಚು ಒಣಗಲು ಬಿಡಬಾರದು. ಹಳೆಯ ಶೈಲಿಯಲ್ಲಿ ಗೋಡೆಯನ್ನು ಅಂಚುಪಟ್ಟಿ ಕೊಟ್ಟು ಫಲಕಗಳಾಗಿ ವಿಂಗಡಿಸುವುದು ಚೆಲುವಿಗಷ್ಟೇ ಅಲ್ಲ, ಈ ಕೆಲಸಕ್ಕೂ ಅನುಕೂಲ. ಜೋಡಣೆ ಗೆರೆಯಡಿ ಅಡಗುತ್ತದೆ.

ಬಣ್ಣ ಆರಿಸುವಾಗ ಛಾವಣಿಗೆ ತಿಳಿಬೂದು ಅಥವಾ ಕೆನೆಬಣ್ಣ ಸಾಕು. ಕಡುಬಣ್ಣದ ಉಕ್ಕಿನ ಛಾವಣಿ ಬೇಸಿಗೆಯಲ್ಲಿ ಬರಿಗಾಲಿಡಲಾಗದಷ್ಟು ಕಾಯುತ್ತದೆ, ಹಿಗ್ಗಿ ಕುಗ್ಗಿ ಬಣ್ಣ ಬೇಗ ಬಿರಿಯುತ್ತದೆ. ಓಡಾಡುವ ಕಡೆ ಜಾರದ ಮರಳು ಬೆರೆಸಿದ ಬಣ್ಣ. ಪಕ್ಕಕ್ಕೆ ಕೆಂಪು ಬೇಕೇ ಬೇಕೆನ್ನುವವರು ಅದು ಎಲ್ಲಕ್ಕಿಂತ ಮೊದಲು ಮಾಸುತ್ತದೆಂದು ಒಪ್ಪಿಕೊಂಡು ಹೊಡೆಸಿ.

ಹೆಸರು ಬರೆಯುವ ಕೆಲಸಕ್ಕೆ ಬೇರೆ ಕಲಾವಿದರು ಬರುತ್ತಾರೆ, ಬೇರೆ ಬಿಲ್ಲು. ಇಲ್ಲಿ ಉಳಿಸಲು ಹೋಗಬೇಡಿ. ನೆರಳು ಕೊಟ್ಟ ದೊಡ್ಡ ಅಕ್ಷರ, ಬಾಗಿಲಿಗೆ ಗುಲಾಬಿ ಮತ್ತು ಕೋಟೆಯ ಚಿತ್ರ ಇವು ಸರಕು ಸಾಗಿಸುತ್ತಿದ್ದ ದೋಣಿ ಕುಟುಂಬಗಳಿಂದ ಬಂದ ಕಲೆ. ಒಂದೊಂದು ದಳವೂ ಬ್ರಷ್ಷಿನ ಒಂದೇ ಎಳೆತ. ನಮ್ಮ ಲಾರಿಗಳ ಹಿಂದೆ ಹೂವು, ಹೆಸರು ಬರೆಯುತ್ತಿದ್ದ ಕೈಗಳನ್ನು ನೋಡಿದವರಿಗೆ ಇದರ ಬೆಲೆ ಹೇಳಬೇಕಿಲ್ಲ. ವಿನೈಲ್ ಸ್ಟಿಕ್ಕರ್ ಅಗ್ಗ, ಆದರೆ ಕೆಲವೇ ವರ್ಷಕ್ಕೆ ಅಂಚು ಏಳುತ್ತದೆ. ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ನಿಯಮದಂತೆ ಹೆಸರು ಮತ್ತು ನೋಂದಣಿ ಸಂಖ್ಯೆ ಎರಡೂ ಬದಿ ಕಾಣಬೇಕು. ಹಳೆಯದನ್ನು ಅಳಿಸುವ ಮೊದಲು ಸಂಖ್ಯೆ ಬರೆದಿಟ್ಟುಕೊಳ್ಳಿ.

ದೋಣಿ ವಾಪಸ್ ಪಡೆಯುವ ದಿನ ಹೊಳಪಿಗೆ ಮರುಳಾಗುವ ಮುನ್ನ ಛಾವಣಿ ಹತ್ತಿ ವೆಂಟ್‌ಗಳನ್ನು ಎಣಿಸಿ. ಬಿಚ್ಚಿದ್ದೆಲ್ಲ ತಿರುಗಿ ಬಂದಿದೆಯೇ, ಒಳಗೆ ಟೇಪ್ ಅಥವಾ ಬಟ್ಟೆ ತುರುಕಿದ್ದು ಹಾಗೇ ಉಳಿದಿದೆಯೇ? ಸೌದೆ, ಕಲ್ಲಿದ್ದಲು ಒಲೆ ಇರುವ ದೋಣಿಯಲ್ಲಿ ಮುಚ್ಚಿದ ವೆಂಟ್ ಎಂದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ. ಹೊಗೆಗೊಳವೆಯ ಬುಡದ ಸಿಮೆಂಟ್ ಬಿರುಕಿದೆಯೇ ನೋಡಿ, ಆ ವಿಷಗಾಳಿಯ ಅಲಾರಂ ಒತ್ತಿ ಪರೀಕ್ಷಿಸಿ. ಗ್ಯಾಸ್ ಪೈಪನ್ನು ಪೇಂಟರ್ ಬಿಚ್ಚಿದ್ದರೆ ಅರ್ಹ ಗ್ಯಾಸ್ ಕೆಲಸಗಾರರಿಂದ ತಪಾಸಣೆಯಾಗದೆ ಒಲೆ ಹಚ್ಚಬೇಡಿ. ಕಿಟಕಿಗಳಿಗೆ ಕೊಳಾಯಿ ಹಿಡಿದು ಐದು ನಿಮಿಷ ನೀರು ಬಿಟ್ಟು ಒಳಗಿನಿಂದ ಕೈಯಾಡಿಸಿ.

ಹಣ ಕಂತಿನಲ್ಲಿ ಕೊಡಿ: ಬುಕಿಂಗ್‌ಗೆ ಸ್ವಲ್ಪ ಮುಂಗಡ, ದೋಣಿ ಒಳಗೆ ಹೋದಾಗ ಒಂದು ಪಾಲು, ಪ್ರೈಮರ್ ನೋಡಿದ ಮೇಲೆ ಇನ್ನೊಂದು, ಈ ಪರೀಕ್ಷೆಗಳಾದ ಮೇಲೆ ಕೊನೆಯದು. ಅಡಿಯ ದರದಲ್ಲಿ ಶೇಕಡಾ 20 ವ್ಯಾಟ್ ಸೇರಿದೆಯೇ ಎಂದು ಮರೆಯದೆ ಕೇಳಿ. ಅದರಲ್ಲೇ ಎರಡು ಕೊಟೇಶನ್‌ಗಳ ನಡುವೆ ಒಂದೆರಡು ಸಾವಿರ ಪೌಂಡ್ ವ್ಯತ್ಯಾಸ ಬರುತ್ತದೆ. ಮುಚ್ಚಿದ ಡಾಕ್, ಕಿಟಕಿ ಬಿಚ್ಚುವುದು, ಎಪಾಕ್ಸಿ ಪ್ರೈಮರ್, ಕಂತಿನ ಪಾವತಿ ನಾಲ್ಕೂ ಇದ್ದರೆ ಅಡಿಗೆ 180 ಪೌಂಡ್ ಕೊಟ್ಟರೂ ಮೋಸವಿಲ್ಲ. ಕಿಟಕಿ ಬಿಚ್ಚದ 120ರ ಕೆಲಸ ಮೂರು ವರ್ಷದ ಬಾಡಿಗೆ ಹೊಳಪು.

ಮೊದಲ ಕೆಲವು ವಾರ ಹಗ್ಗ, ಹೂಕುಂಡ, ಸೌದೆ ಚೀಲ ಏನನ್ನೂ ಛಾವಣಿಯ ಮೇಲೆ ಇಡಬೇಡಿ, ಪಾಲಿಶ್ ಬೇಡ, ತಣ್ಣೀರು ಮತ್ತು ಮೆತ್ತನೆ ಬಟ್ಟೆ ಸಾಕು. ಹೊರಡುವ ಮೊದಲು ಮಿಕ್ಕ ಬಣ್ಣವನ್ನು ಬಣ್ಣಕ್ಕೆ ಅರ್ಧ ಲೀಟರ್‌ನಂತೆ ಕೇಳಿ ತೆಗೆದುಕೊಳ್ಳಿ, ಡಬ್ಬಿಯ ಮೇಲೆ ಬ್ಯಾಚ್ ಸಂಖ್ಯೆ ಮತ್ತು ತಾರೀಖು ಬರೆಸಿ, ಮುಚ್ಚಳ ಬಿಗಿದು ತಲೆಕೆಳಗಾಗಿ ಇಡಿ.